ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳ ವ್ಯಾಸಂಗ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವ್ಯಾಸಂಗವನ್ನು ಮುಗಿಸಿದ ಬಾಲಿಕೆಯೊಬ್ಬಳು ನಮ್ಮ ಕೊಠಡಿಗೆ ಬಂದು, ತಾನು ವಿಶ್ವವಿದ್ಯಾನಿಲಯದಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳನ್ನು ಓದಬಹುದೇ ಎಂದು ಕೇಳಿದಳು. ಅವು ಮೃತಭಾಷೆಗಳು, ಚಿಕ್ಕಂದಿನಿಂದ ಕಲಿಯದವರಿಗೆ ಒಲಿಯವು, ಅವುಗಳಿಂದ ಜೀವನ ನಡೆಯದು ಎಂದು ನಾವು ಉತ್ತರಕೊಟ್ಟೆವು. ಅವಳು ಮರುಮಾತಾಡದೆ ಹೊರಟುಹೋದಳು. ಈ ಮೂರು ಮಾತುಗಳಲ್ಲಿ ಒಂದನ್ನಾದರೂ ನಾವು ವಿಚಾರಿಸಿ ತಿಳಿದು ಹೇಳಿರಲಿಲ್ಲವೆಂಬ ಸಂಗತಿಯು ತರುವಾಯ ನಮ್ಮ ಮನಸ್ಸನ್ನು ಕೊರೆಯಹತ್ತಿತು. ಆದಕಾರಣ ಆಮೇಲೆ ತಿಳಿದುಕೊಂಡುದನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡುತ್ತೇವೆ.

ಮೊದಲನೆಯದಾಗಿ ಕಾಠಿಣ್ಯದ ಮಾತು. ಲ್ಯಾಟಿನ್ ಭಾಷೆಯಲ್ಲಿ ‘ಪುಎಲ್ಲ ರೊಸಮ್ ಅಮತ್’ ಎಂದರೆ ‘ಹುಡುಗಿಯು ಗುಲಾಬಿಯನ್ನು ಪ್ರೀತಿಸುತ್ತಾಳೆ’ ಎಂದರ್ಥ. ‘ರೊಸಮ್’ ಎಂಬಲ್ಲಿಯ ಕೊನೆಯ ‘ಅಮ್’ ಎಂಬುದು ನಮ್ಮ ‘ಅನ್ನು’ ಪ್ರತ್ಯಯದ ಕೆಲಸವನ್ನು ಮಾಡುತ್ತದೆ. ಆದುದರಿಂದ ‘ರೊಸಮ್ ಪುಎಲ್ಲ ಅಮತ್’ ಎಂದು ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥವು ಕೆಡುವುದಿಲ್ಲ; ಕನ್ನಡದಲ್ಲಿಯೂ ಹಾಗೆಯೇ. ಇಂಗ್ಲಿಷ್ ಮಾತ್ರ ಬಲ್ಲ ಬಾಲಿಕೆಗೆ ವಿಭಕ್ತಿಗಳೆಂಬವು ಹೊಸ ಕಾಡು. ಕನ್ನಡದ ಬಾಲಿಕೆಗಾದರೋ ಅವು ಮನೆಯಂಗಳ. ಸಂಸ್ಕೃತದ ‘ಪಿತೃ’, ‘ಮಾತೃ’, ‘ಸಪ್ತ’ ಎಂಬ ಶಬ್ದಗಳನ್ನು ಬಲ್ಲವಳು ಲ್ಯಾಟಿನಿನ ‘ಪತೆರ್’, ‘ಮಾತೆರ್’, ‘ಸೆಪ್ತೆಮ್’ ಎಂಬವುಗಳನ್ನು ಕಂಡಾಗ ಬಂಧುಗಳನ್ನು ಕಂಡಂತೆಯೇ ಸರಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಎಂಬ ಮೂರು ಭಾಷೆಗಳೂ ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸರ್ ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯಲ್ಲಿಯೇ ಪ್ರತಿಪಾದಿಸಿದರು.

ಚಿಕ್ಕಂದಿನಿಂದ ಕಲಿತಿರಬೇಕೆಂಬ ನಿಯಮವು ಈಗ ಇಲ್ಲ. ಕೇಂಬ್ರಿಡ್ಜಿನಲ್ಲಿ ಪ್ರವೇಶಕ್ಕೆ ಗ್ರೀಕ್ ಕಡ್ಡಾಯವೆಂಬುದು 1919ರಲ್ಲಿಯೂ, ಲ್ಯಾಟಿನ್ ಕಡ್ಡಾಯವೆಂಬುದು 1960ರಲ್ಲಿಯೂ ತೊಲಗಿದವು. ಲ್ಯಾಟಿನ್ ಅರಿಯದವರಿಗೆ ಅಲ್ಲಿ ನಾಲ್ಕು ವರ್ಷಗಳ ಪಾಠಕ್ರಮವುಂಟು. ಮೊದಲ ವರ್ಷವು ಮುಖ್ಯವಾಗಿ ಲ್ಯಾಟಿನ್ ಕಲಿಕೆಗೆ ಮೀಸಲು. ಗ್ರೀಕನ್ನು ಅಕ್ಷರಮಾಲೆಯಿಂದಲೇ ಅಲ್ಲಿ ಕಲಿಯಬಹುದು. ಮುಂದೆ ಸಾಹಿತ್ಯ, ತತ್ತ್ವಶಾಸ್ತ್ರ, ಚರಿತ್ರೆ, ಶಿಲ್ಪ ಮತ್ತು ಪುರಾತತ್ತ್ವ, ಭಾಷಾಶಾಸ್ತ್ರ ಎಂಬ ಶಾಖೆಗಳಿವೆ. ಆದುದರಿಂದ ಇದು ಬರಿಯ ವ್ಯಾಕರಣದ ಓದಲ್ಲ. ಒಂದು ನಾಗರಿಕತೆಯನ್ನು ಎಲ್ಲಾ ಕಡೆಯಿಂದಲೂ ನೋಡುವ ಓದು.

ಈ ಬಾಗಿಲು ಸ್ತ್ರೀಯರಿಗೆ ಸುಲಭವಾಗಿ ತೆರೆಯಲಿಲ್ಲ. 1869ರಲ್ಲಿ ಎಮಿಲಿ ಡೇವಿಸ್ ಎಂಬವರು ಹಿಚಿನ್ ಎಂಬ ಊರಿನಲ್ಲಿ ಐದು ಮಂದಿ ವಿದ್ಯಾರ್ಥಿನಿಯರೊಡನೆ ಒಂದು ಕಾಲೇಜನ್ನು ಆರಂಭಿಸಿದರು. ಅದೇ ಮುಂದೆ ಗರ್ಟನ್ ಕಾಲೇಜಾಯಿತು. 1873ರಲ್ಲಿ ಲೂಯಿಸಾ ಲಮ್ಸ್‌ಡೆನ್ ಮತ್ತು ರೇಚೆಲ್ ಕುಕ್ ಎಂಬವರು ಪುರುಷರು ಬರೆದ ಲ್ಯಾಟಿನ್–ಗ್ರೀಕ್ ಪ್ರಶ್ನಪತ್ರಿಕೆಗಳಿಗೇ ಅನಧಿಕೃತವಾಗಿ ಉತ್ತರ ಬರೆದು ತೇರ್ಗಡೆಯಾದರು. 1887ರಲ್ಲಿ ಅಗ್ನಾಟಾ ರಾಮ್ಸೆ ಎಂಬ ಗರ್ಟನ್ ವಿದ್ಯಾರ್ಥಿನಿಯೊಬ್ಬಳೇ ಪ್ರಥಮ ವರ್ಗದ ಪ್ರಥಮ ಭಾಗವನ್ನು ಪಡೆದಳು. ಆ ವರ್ಷ ಪುರುಷರಲ್ಲಿ ಯಾರಿಗೂ ಆ ಸ್ಥಾನವು ದೊರೆಯಲಿಲ್ಲ. ಆದರೂ ಅವಳಿಗೆ ಪದವಿಯನ್ನು ಕೊಡಲಿಲ್ಲ. 1897ರಲ್ಲಿ ಸ್ತ್ರೀಯರಿಗೆ ಪದವಿಯನ್ನು ಕೊಡಬೇಕೆಂಬ ಸೂಚನೆಯು ಭಾರೀ ಬಹುಮತದಿಂದ ಬಿದ್ದುಹೋಯಿತು. ಕೇಂಬ್ರಿಡ್ಜ್ ಪೂರ್ಣ ಪದವಿಯನ್ನು ಕೊಟ್ಟದ್ದು 1948ರಲ್ಲಿ. ಲಮ್ಸ್‌ಡೆನ್ ಅವರೋ 1877ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಲೆನರ್ಡ್ಸ್ ಬಾಲಿಕಾ ಶಾಲೆಯ ಪ್ರಥಮ ಮುಖ್ಯೋಪಾಧ್ಯಾಯಿನಿಯಾದರು. ಅವರ ಸ್ಥಾನದಂಥದೇ ಸ್ಥಾನದಲ್ಲಿ ಕುಳಿತು ನಾವು ಬಾಲಿಕೆಯೊಬ್ಬಳಿಗೆ ಬೇಡವೆಂದೆವಲ್ಲಾ ಎಂದು ನಾಚಿಕೆಪಟ್ಟೆವು.

ಮೃತಭಾಷೆಗಳೆಂಬ ಮಾತೂ ಅರ್ಧಸತ್ಯವೇ. ಹೊಸ ಒಡಂಬಡಿಕೆಯು ಬರೆಯಲ್ಪಟ್ಟದ್ದು ಗ್ರೀಕಿನಲ್ಲಿ. ನಮ್ಮ ದೇಶದ ದೈವಜ್ಞಾನ ಶಾಲೆಗಳಲ್ಲಿ ಇಂದಿಗೂ ಅದನ್ನು ಕಲಿಸುತ್ತಾರೆ. ಬಿ. ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ ನಾಟಕವೊಂದನ್ನು ಆಧಾರವಾಗಿಟ್ಟುಕೊಂಡು ‘ಅಶ್ವತ್ಥಾಮನ್’ ಎಂಬ ರುದ್ರನಾಟಕವನ್ನು ಬರೆದು ಕನ್ನಡಕ್ಕೆ ಹೊಸ ದಾರಿಯನ್ನು ತೋರಿಸಿದರು. ಇನ್ನೊಂದು ಸಂಗತಿಯು ಮತ್ತೂ ಸ್ವಾರಸ್ಯವಾದದ್ದು. ಐಗುಪ್ತದ ಆಕ್ಸಿರಿಂಕಸ್ ಎಂಬಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಪ್ರಾಚೀನ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕರಾವಳಿಯ ಜನರು ಗ್ರೀಕಲ್ಲದ ಮಾತುಗಳನ್ನಾಡುತ್ತಾರೆ. ಅವು ಕನ್ನಡವೆಂದು 1904ರಲ್ಲಿ ಹುಲ್ಟ್ಷ್ ಎಂಬ ಜರ್ಮನ್ ಪಂಡಿತರು ಸೂಚಿಸಿದರು. ತುಳುವೆನ್ನುವವರೂ, ಎರಡೂ ಅಲ್ಲವೆನ್ನುವವರೂ ಉಂಟು. ಈ ವಾದವನ್ನು ತೂಗಿನೋಡಬೇಕಾದರೆ ಗ್ರೀಕ್, ಹಳಗನ್ನಡ, ತುಳು ಇವನ್ನು ಬಲ್ಲವರು ಬೇಕು. ಅಂಥವರು ಬಹು ವಿರಳ.

ಕೊನೆಗೆ ಜೀವನೋಪಾಯದ ಪ್ರಶ್ನೆ. ಇದನ್ನು ಓದಿದವರು ಅಧ್ಯಾಪನ, ನ್ಯಾಯವಾದ, ಸರಕಾರಿ ನೌಕರಿ, ಪತ್ರಿಕೆ, ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯಗಳನ್ನು ಸೇರುತ್ತಾರೆ. ಆದರೆ ಪೋಷಕರಿಗೆ ಮರೆಮಾಚದೆ ಹೇಳತಕ್ಕದ್ದೇನೆಂದರೆ, ಪರದೇಶದ ವ್ಯಾಸಂಗಕ್ಕೆ ತಗಲುವ ಹಣವು ಅಪಾರ; ವಿದ್ಯಾರ್ಥಿವೇತನವು ದೊರೆಯದ ಹೊರತು ಹೊಲಮನೆಗಳನ್ನು ಅಡವಿಟ್ಟು ಕಳುಹಿಸಿರೆಂದು ನಾವು ಹೇಳಲಾರೆವು. ಮೊದಲು ಮನೆಯಲ್ಲಿಯೇ ಒಂದು ವ್ಯಾಕರಣ ಪುಸ್ತಕವನ್ನು ಕೊಟ್ಟು ಒಂದು ವರ್ಷ ನೋಡಿರಿ. ಪುಸ್ತಕದ ಖರ್ಚು ಅಲ್ಪ. ಆಸೆಯು ಗಟ್ಟಿಯೋ ಟೊಳ್ಳೋ ಎಂಬುದು ಅಷ್ಟರಲ್ಲಿ ತಿಳಿಯುವುದು.

ಆ ಬಾಲಿಕೆಯು ಈಗ ಬೇರೊಂದು ಊರಿನ ಬ್ಯಾಂಕಿನಲ್ಲಿ ಉದ್ಯೋಗದಲ್ಲಿದ್ದಾಳೆಂದು ಕೇಳಿದ್ದೇವೆ. ಈ ಸಂಚಿಕೆಯು ಅವಳ ಕೈಸೇರುವುದಾದರೆ, ಅಂದು ಅವಳು ಕೇಳಿದ ಪ್ರಶ್ನೆಗೆ ನಮ್ಮ ಸರಿಯಾದ ಉತ್ತರವು ಇದೇ ಎಂದು ತಿಳಿಯಲಿ. ವ್ಯಾಕರಣ ಪುಸ್ತಕವೊಂದು ನಮ್ಮ ಶಾಲೆಯ ಗ್ರಂಥಭಂಡಾರಕ್ಕೆ ಈಗ ಬಂದಿದೆ. ಅವಳಿಗೂ, ಅವಳಂತೆ ಕೇಳಬಯಸುವ ಎಲ್ಲರಿಗೂ ಅದು ದೊರೆಯುವುದು.