ಒಂಟಿ ಪಯಣಿಗನಿಗೆ ಎರಡು ಗಾಲಿ, ಒಂದು ಕೋಣೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಮಿತವ್ಯಯದ ಪ್ರವಾಸ

‘ದೇಶ ಸುತ್ತು, ಕೋಶ ಓದು’ ಎಂಬುದು ಹಿರಿಯರ ಮಾತು. ಕೋಶವನ್ನು ಮನೆಯಲ್ಲಿ ಕುಳಿತೇ ಓದಬಹುದು. ದೇಶ ಸುತ್ತುವುದಕ್ಕೆ ಮಾತ್ರ ಹಣ ಬೇಕು, ಜೊತೆ ಬೇಕು, ವಾಹನ ಬೇಕು ಎಂದು ಎಷ್ಟೋ ಮಂದಿ ತಮ್ಮ ಆಸೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತಾರೆ. ರಜೆ ದೊರೆತಾಗ ಜೊತೆ ಇರುವುದಿಲ್ಲ. ಜೊತೆ ದೊರೆತಾಗ ಕೈಯಲ್ಲಿ ಕಾಸಿರುವುದಿಲ್ಲ. ಈ ಹಂಗುಗಳನ್ನು ಬಹುಮಟ್ಟಿಗೆ ತೊರೆದವನೆಂದರೆ ಸೈಕಲ್ಲೇರಿ ಹೊರಟ ಒಂಟಿ ಪಯಣಿಗ. ಆದರೆ ಅವನ ಸುಖದುಃಖಗಳು ಎರಡು ಸಂಗತಿಗಳನ್ನು ಅವಲಂಬಿಸಿವೆ: ಹಗಲು ತುಳಿಯುವ ದಾರಿ ಮತ್ತು ರಾತ್ರಿ ತಲೆಯಿಡುವ ತಾವು.

ಐರ್ಲೆಂಡಿನ ಡರ್ವ್ಲಾ ಮರ್ಫಿ ಎಂಬಾಕೆಗೆ ಹತ್ತನೆಯ ಹುಟ್ಟುಹಬ್ಬದಂದು ಒಂದು ಸೈಕಲ್ಲೂ ಒಂದು ಭೂಪಟದ ಪುಸ್ತಕವೂ ಉಡುಗೊರೆಯಾಗಿ ಬಂದವು. ಅಂದೇ ಆಕೆ ಭಾರತಕ್ಕೆ ಸೈಕಲ್ಲಿನಲ್ಲಿ ಹೋಗುವ ಸಂಕಲ್ಪ ಮಾಡಿದಳು. ರೋಗಿಯಾಗಿದ್ದ ತಾಯಿಯ ಸೇವೆಯಲ್ಲಿ ವರ್ಷಗಳು ಕಳೆದು, ಆ ಸಂಕಲ್ಪ ಕೈಗೂಡಿದ್ದು ೧೯೬೩ರಲ್ಲಿ. ಯುರೋಪು, ಪರ್ಷಿಯಾ, ಆಫ್ಘಾನಿಸ್ಥಾನಗಳನ್ನು ಒಬ್ಬಳೇ ದಾಟಿ ಆಕೆ ದೆಹಲಿಯನ್ನು ತಲುಪಿದಳು. ಮುಂದೆ ತನ್ನ ಪುಟ್ಟ ಮಗಳೊಂದಿಗೆ ನಮ್ಮ ಕೊಡಗಿಗೂ ಬಂದು, ಅಲ್ಪ ಖರ್ಚಿನ ಆ ವಾಸವನ್ನು ಕುರಿತು ಪುಸ್ತಕ ಬರೆದಳು. ಹೊರಡುವ ಮುನ್ನ ಆಕೆ ಸೈಕಲ್ಲಿನ ಗೇರುಗಳನ್ನು ತೆಗೆಸಿಹಾಕಿದ್ದಳು. ಯಂತ್ರ ಸರಳವಾದಷ್ಟೂ ಹಳ್ಳಿಯ ಅಂಗಡಿಯಲ್ಲಿ ಅದರ ದುರಸ್ತಿ ಸುಲಭ ಎಂಬ ಪಾಠ ಇದರಲ್ಲಿ ಅಡಗಿದೆ.

ಘಟಪ್ರಭೆಯ ಮಡಿಲು

ಅಷ್ಟು ದೂರ ಹೋಗಲಾಗದವರಿಗೆ ಬೆಳಗಾವಿ ಜಿಲ್ಲೆಯ ಘಟಪ್ರಭಾ ನದಿಯ ಸೀಮೆ ಒಳ್ಳೆಯ ಪಾಠಶಾಲೆ. ಹುಕ್ಕೇರಿ ತಾಲ್ಲೂಕಿನಲ್ಲಿ ಹಿಡಕಲ್ ಅಣೆಕಟ್ಟು ಈ ನದಿಯನ್ನು ತಡೆದು ನಿಲ್ಲಿಸಿದೆ. ಅದರ ಕೆಳಗೆ ಧೂಪದಾಳದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಒಡ್ಡು ಇದೆ. ಚಳಿಗಾಲದಲ್ಲಿ ಅಲ್ಲಿನ ಪಕ್ಷಿಧಾಮಕ್ಕೆ ದೂರ ದೇಶಗಳ ಕೊಕ್ಕರೆಗಳು ಬಂದಿಳಿಯುತ್ತವೆ. ಮತ್ತೂ ಕೆಳಗೆ, ಗೋಕಾಕ ಪಟ್ಟಣದಿಂದ ಸುಮಾರು ೬ ಕಿಲೋಮೀಟರ್ ದೂರದಲ್ಲಿ, ನದಿ ಕುದುರೆಯ ಲಾಳದಂತೆ ಬಾಗಿದ ಬಂಡೆಯ ಅಂಚಿನಿಂದ ಸುಮಾರು ೫೨ ಮೀಟರ್ ಆಳಕ್ಕೆ ಧುಮುಕುತ್ತದೆ. ಪಕ್ಕದಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇಗುಲವೂ ಹಳೆಯ ನೂಲಿನ ಗಿರಣಿಯೂ ತೂಗುಸೇತುವೆಯೂ ಇವೆ. ಸೇತುವೆಯ ಮೇಲೆ ಹೋಗಲು ಅಪ್ಪಣೆ ಉಂಟೇ ಎಂಬುದನ್ನು ಅಲ್ಲಿಯೇ ಕೇಳಿ ತಿಳಿಯಬೇಕು. ಮಾರ್ಕಂಡೇಯ ನದಿ ಎರಡು ಹಂತಗಳಲ್ಲಿ ಇಳಿಯುವ ಗೊಡಚಿನಮಲ್ಕಿಯೂ ಇದೇ ತಾಲ್ಲೂಕಿನದು. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ಮೂಡಲಗಿಯಲ್ಲಿ ಶಿವಬೋಧರಂಗರ ಮಠವಿದೆ. ಒಂದು ಊರಿನಿಂದ ಇನ್ನೊಂದಕ್ಕೆ ಹೆಚ್ಚೆಂದರೆ ಅರ್ಧ ದಿನದ ಸೈಕಲ್ ಹಾದಿ.

ಬಿಡಾರ ಎಲ್ಲಿ?

ಮೊದಲ ಪ್ರಶ್ನೆ: ದಿನಕ್ಕೊಂದು ಊರಿನಲ್ಲಿ ಇಳಿಯಬೇಕೇ, ಒಂದೇ ಊರಿನಲ್ಲಿ ಬಿಡಾರ ಹೂಡಿ ಸುತ್ತಬೇಕೇ? ಹೊಸಬರಿಗೆ ಎರಡನೆಯದೇ ಲೇಸು. ಗೋಕಾಕ ಈ ಮೂರರಲ್ಲಿ ದೊಡ್ಡ ಪಟ್ಟಣ. ವಸತಿಗೃಹಗಳೂ ಖಾನಾವಳಿಗಳೂ ಸೈಕಲ್ ದುರಸ್ತಿಯವರೂ ಅಲ್ಲಿ ಹೆಚ್ಚು. ಗಂಟುಮೂಟೆಯನ್ನು ಕೋಣೆಯಲ್ಲಿ ಇರಿಸಿ ಹೊರಟರೆ ಸೈಕಲ್ಲೂ ಹಗುರ, ಮನಸ್ಸೂ ಹಗುರ. ಗೋಕಾಕದಿಂದ ಬೇರ್ಪಟ್ಟು ಈಚೆಗಷ್ಟೇ ತಾಲ್ಲೂಕು ಕೇಂದ್ರವಾದ ಮೂಡಲಗಿಗೆ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. ಹುಕ್ಕೇರಿಯ ಕಡೆ ಒಂದು ರಾತ್ರಿ ಕಳೆಯುವ ಇಚ್ಛೆ ಇದ್ದರೆ ಅಲ್ಲಿ, ಇಲ್ಲವೆ ಹೆದ್ದಾರಿಯ ಮೇಲಿನ ಸಂಕೇಶ್ವರದಲ್ಲಿ ಕೋಣೆ ಉಂಟೇ ಎಂದು ಮೊದಲೇ ದೂರವಾಣಿಯಲ್ಲಿ ವಿಚಾರಿಸಿಕೊಳ್ಳಬೇಕು. ಲಗ್ನದ ದಿನಗಳಲ್ಲಿಯೂ ಜಾತ್ರೆಯ ದಿನಗಳಲ್ಲಿಯೂ ಚಿಕ್ಕ ಊರಿನ ಕೋಣೆಗಳು ಬೇಗನೆ ತುಂಬಿಹೋಗುತ್ತವೆ.

ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಕೋಣೆಯನ್ನು ಒಪ್ಪಬಾರದು. ಹಣ ಕೊಡುವ ಮುನ್ನ ಒಳಹೊಕ್ಕು ನೋಡಬೇಕು. ಬಾಗಿಲಿನ ಚಿಲಕ ಒಳಗಿನಿಂದ ಭದ್ರವಾಗಿ ಬೀಳುತ್ತದೆಯೇ? ಕಿಟಕಿ ಮುಚ್ಚುತ್ತದೆಯೇ? ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ? ಬಸ್ ನಿಲ್ದಾಣದ ಎದುರಿನ ಕೋಣೆ ಅನುಕೂಲವಾದರೂ ನಸುಕಿನ ಹಾರ್ನಿನ ಸದ್ದು ನಿದ್ದೆಯನ್ನು ಕದಿಯಬಹುದು. ಹಿಂಬದಿಯ ಕೋಣೆಯನ್ನು ಕೇಳುವುದು ಜಾಣತನ. ಎಲ್ಲಕ್ಕಿಂತ ಮುಖ್ಯವಾಗಿ ಸೈಕಲ್ಲನ್ನು ರಾತ್ರಿ ಎಲ್ಲಿ ನಿಲ್ಲಿಸುವುದು? ‘ಬೀದಿಯಲ್ಲಿ ಬೀಗ ಹಾಕಿ’ ಎಂದರೆ ಬೇರೆ ವಸತಿ ಹುಡುಕುವುದೇ ಮೇಲು.

ದಿನದ ಲೆಕ್ಕವನ್ನೂ ಕೇಳಿಕೊಳ್ಳಬೇಕು. ಕೆಲವು ಕಡೆ ಬಂದ ಹೊತ್ತಿನಿಂದ ೨೪ ಗಂಟೆಗಳನ್ನು ಒಂದು ದಿನವೆಂದು ಎಣಿಸುತ್ತಾರೆ. ಬೇರೆ ಕಡೆ ಮಧ್ಯಾಹ್ನ ೧೨ಕ್ಕೆ ದಿನ ಮುಗಿಯುತ್ತದೆ. ರಾತ್ರಿ ಒಂಬತ್ತಕ್ಕೆ ಬಂದವನು ಮರುದಿನ ಸಂಜೆಯವರೆಗೆ ಉಳಿದರೆ ಎರಡು ದಿನದ ಬಾಡಿಗೆ ತೆರಬೇಕಾಗುವುದು. ತೆರಿಗೆ ಸೇರಿ ಒಟ್ಟು ಎಷ್ಟು ಎಂದು ಕೇಳಿ, ರಸೀದಿ ಪಡೆಯಬೇಕು. ಗುರುತಿನ ಚೀಟಿ ಜೊತೆಯಲ್ಲಿ ಇರಲೇಬೇಕು.

ಸರಕಾರದ ಪ್ರವಾಸಿ ಮಂದಿರಗಳು ಅಗ್ಗವಾದರೂ ಮೊದಲ ಹಕ್ಕು ಅಧಿಕಾರಿಗಳದು. ಅವನ್ನೇ ನಂಬಿ ಕತ್ತಲಾದ ಮೇಲೆ ಊರು ಸೇರಬಾರದು. ಮಠಗಳಲ್ಲಿ ದಾಸೋಹದ ಸಂಪ್ರದಾಯ ಉಂಟು. ಆದರೆ ಮಠವು ಬಾಡಿಗೆಯ ಮನೆಯಲ್ಲ. ಅಲ್ಲಿಯ ನಿಯಮಕ್ಕೆ ತಲೆಬಾಗಿ, ಹೊರಡುವಾಗ ಶಕ್ತ್ಯನುಸಾರ ಕಾಣಿಕೆ ಸಲ್ಲಿಸುವುದು ಧರ್ಮ. ಈ ಸೀಮೆಯ ಮಠಗಳ ಆಸರೆ ದೊಡ್ಡದು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ೧೯೩೭ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಡತನದಿಂದ ಶಾಲೆ ಬಿಟ್ಟಾಗ, ಅವರ ಓದಿನ ಹೊಣೆಯನ್ನು ಹೊತ್ತವರು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು. ಆ ಬಾಲಕನೇ ಮುಂದೆ ಜ್ಞಾನಪೀಠ ಪುರಸ್ಕೃತ ಕವಿಯಾದದ್ದು.

ಹೆಣ್ಣುಮಕ್ಕಳು ಒಬ್ಬರೇ ಹೊರಟಾಗ ಎಚ್ಚರ ಇನ್ನಷ್ಟು ಬೇಕು. ಒಬ್ಬಂಟಿ ಮಹಿಳೆಗೆ ಕೋಣೆ ಕೊಡಲು ಹಿಂಜರಿಯುವವರು ಇಂದಿಗೂ ಇದ್ದಾರೆ. ಆದ್ದರಿಂದ ಮೊದಲೇ ಮಾತಾಡಿ ಖಚಿತಪಡಿಸಿಕೊಂಡು, ಬೆಳಕಿರುವಾಗಲೇ ಊರು ಸೇರಬೇಕು. ಕುಟುಂಬಗಳು ಇಳಿದುಕೊಳ್ಳುವ ವಸತಿಗೃಹಕ್ಕೆ ನಾಲ್ಕು ಕಾಸು ಹೆಚ್ಚು ಕೊಡುವುದು ದುಂದಲ್ಲ. ವಸತಿಯ ಹೆಸರನ್ನೂ ಮರುದಿನದ ದಾರಿಯನ್ನೂ ಪ್ರತಿ ರಾತ್ರಿ ಮನೆಯವರಿಗೆ ತಿಳಿಸಬೇಕು. ಆಪತ್ತಿಗೆ ೧೧೨ ಎಂಬ ಸಂಖ್ಯೆ ನೆನಪಿನಲ್ಲಿರಲಿ.

ದಾರಿಯ ನಡೆ

ತಾಸಿಗಿಷ್ಟು ಎಂದು ಸೈಕಲ್ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳು ಈಗ ವಿರಳ. ಸ್ವಂತ ಸೈಕಲ್ಲನ್ನೇ ಒಯ್ಯುವುದು ಸೂಕ್ತ. ಮೀರಜ–ಬೆಳಗಾವಿ ರೈಲುದಾರಿಯಲ್ಲಿ ಘಟಪ್ರಭಾ ಮತ್ತು ಗೋಕಾಕ ರೋಡ್ ನಿಲ್ದಾಣಗಳಿವೆ. ಸೈಕಲ್ಲನ್ನು ರೈಲಿನ ಸರಕಿನ ಡಬ್ಬಿಗೆ ಒಪ್ಪಿಸಬಹುದು. ಆದರೆ ಗಾಡಿ ಒಂದೆರಡು ನಿಮಿಷ ಮಾತ್ರ ನಿಲ್ಲುವ ನಿಲ್ದಾಣಕ್ಕೆ ಅದನ್ನು ಒಪ್ಪಿಕೊಳ್ಳುವರೋ ಇಲ್ಲವೋ ಎಂದು ಮೊದಲೇ ಕೇಳಬೇಕು. ಇಲ್ಲವಾದರೆ ಬೆಳಗಾವಿಯಲ್ಲಿ ಇಳಿಸಿಕೊಳ್ಳಬೇಕು. ಪಂಪು, ಪಂಕ್ಚರಿನ ಸಾಮಾನು, ಒಂದು ಹೆಚ್ಚಿನ ಟ್ಯೂಬು ಜೊತೆಗಿರಲಿ. ಜಾಲಿಯ ಮುಳ್ಳು ಯಾರಿಗೂ ದಾಕ್ಷಿಣ್ಯ ತೋರದು.

ಕಾಲದ ಆಯ್ಕೆಯಲ್ಲಿ ಒಂದು ಇಕ್ಕಟ್ಟಿದೆ. ಜಲಪಾತ ಮೈದುಂಬುವುದು ಮಳೆಗಾಲದಲ್ಲಿ. ಆದರೆ ಆಗ ಎರೆಮಣ್ಣಿನ ಹೊಲದಾರಿಗಳಲ್ಲಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಸೈಕಲ್ ನಿಂತೇಬಿಡುತ್ತದೆ. ೨೦೧೯ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಗೇ ನುಗ್ಗಿತ್ತು. ಮಳೆಗಾಲದಲ್ಲಿ ಹೋಗುವವರು ನದಿಯಂಚಿನ ತಗ್ಗಿನಲ್ಲಿ ಕೋಣೆ ಹಿಡಿಯಬಾರದು. ನೀರು ಹರಿಯುತ್ತಿರುವ ಸೇತುವೆಯ ಮೇಲೆ ಸೈಕಲ್ ಇಳಿಸಲೇಬಾರದು. ಚಳಿಗಾಲದಲ್ಲಿ ದಾರಿ ಒಣಗಿರುತ್ತದೆ, ಹಕ್ಕಿಗಳು ಬಂದಿರುತ್ತವೆ. ಆದರೆ ಅದೇ ಕಬ್ಬು ನುರಿಸುವ ಕಾಲ. ಎರಡೆರಡು ಟ್ರೇಲರುಗಳಲ್ಲಿ ಕಬ್ಬನ್ನು ಹೇರಿದ ಟ್ರ್ಯಾಕ್ಟರುಗಳು ರಸ್ತೆಯನ್ನು ತುಂಬಿರುತ್ತವೆ, ಹಲವಕ್ಕೆ ಹಿಂದೀಪವೇ ಇರುವುದಿಲ್ಲ. ಆದ್ದರಿಂದ ಸೂರ್ಯ ಮುಳುಗಿದ ಮೇಲೆ ಸೈಕಲ್ ತುಳಿಯಲಾಗದು ಎಂಬ ಒಂದು ನಿಯಮವನ್ನು ಯಾವ ಕಾರಣಕ್ಕೂ ಮುರಿಯಬಾರದು. ನಸುಕಿನಲ್ಲಿ ಹೊರಟು, ಬಿಸಿಲೇರುವ ಮುನ್ನ ಅರ್ಧ ದಾರಿ ಮುಗಿಸಿ, ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯನ್ನುಂಡು ವಿಶ್ರಮಿಸುವುದು ಹಿತ. ಚೀಲದಲ್ಲಿ ಒಂದಿಷ್ಟು ಗೋಕಾಕದ ಕರದಂಟು ಇದ್ದರೆ ದಾರಿಯ ಹಸಿವಿಗೆ ಬೇರೆ ಮದ್ದು ಬೇಡ.

ಒಂಟಿಯಾಗಿ ಹೊರಟವನು ಈ ಸೀಮೆಯಲ್ಲಿ ಬಹಳ ಹೊತ್ತು ಒಂಟಿಯಾಗಿ ಉಳಿಯುವುದಿಲ್ಲ. ಚಹದಂಗಡಿಯ ಮುಂದೆ ಸೈಕಲ್ ನಿಲ್ಲಿಸಿದೊಡನೆ ‘ಯಾವೂರವ್ರೀ? ಎಲ್ಲಿಗೆ ಹೊಂಟೀರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೋಟಾರಿನಲ್ಲಿ ಹಾದುಹೋಗುವವರನ್ನು ಹೀಗೆ ಯಾರೂ ಕೇಳುವುದಿಲ್ಲ. ಮುಂದಿನ ದಾರಿ ಕೆಟ್ಟಿದೆಯೇ, ಸೇತುವೆ ತೆರೆದಿದೆಯೇ, ಯಾವ ವಸತಿ ಮರ್ಯಾದಸ್ಥರದು ಎಂಬ ಸಮಾಚಾರವೆಲ್ಲ ಆ ಒಂದು ಪ್ರಶ್ನೆಯ ಬೆನ್ನಿಗೇ ದೊರೆಯುತ್ತದೆ. ಮೊದಲ ಸಲ ಒಂದೇ ಊರು, ಎರಡೇ ರಾತ್ರಿ ಸಾಕು. ಅಷ್ಟರಲ್ಲಿ ಕಾಲಿನ ಶಕ್ತಿಯೂ ಕೈಯ ಹಣವೂ ಎಷ್ಟು ದೂರ ಬರುವುವೆಂಬುದು ತಿಳಿದುಹೋಗುತ್ತದೆ.