ಬರಿದಾಗುವ ಮಲೆನಾಡು

ಸಹ್ಯಾದ್ರಿಯ ಅಂಚಿನಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾದ ಮಳೆ ಸುರಿಯುತ್ತದೆ. ಅದರ ನೆರೆಹೊರೆಯ ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಗಳು ಅಡಕೆ, ಭತ್ತ, ಏಲಕ್ಕಿಗಳಿಗೆ ಹೆಸರಾದವು. ನೆಲವು ಇಷ್ಟು ಸಮೃದ್ಧವಾಗಿದ್ದರೂ ಇಲ್ಲಿ ಜನವಸತಿಯು ಮತ್ತೆ ಮತ್ತೆ ಕ್ಷೀಣಿಸಿರುವುದೇಕೆ?

ಮೊದಲನೆಯ ಕಾರಣ ರಾಜಕೀಯ ಪಲ್ಲಟ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು 1763ರಲ್ಲಿ ಹೈದರಾಲಿಯ ವಶವಾಯಿತು. ಅಂದಿನ ವೈಭವದ ಆ ಪಟ್ಟಣವು ಇಂದು ಹೊಸನಗರ ತಾಲ್ಲೂಕಿನ ನಗರವೆಂಬ ಸಣ್ಣ ಊರು.

ಎರಡನೆಯದು ಮಲೇರಿಯ. ಕಳೆದ ಶತಮಾನದ ಆದಿಯಲ್ಲಿ ಈ ಚಳಿಜ್ವರವು ಮನೆಮನೆಗಳನ್ನೂ ಪೀಡಿಸಿತು. ಜನನಕ್ಕಿಂತ ಮರಣವೇ ಹೆಚ್ಚಾದ ಹಳ್ಳಿಗಳಲ್ಲಿ ದುಡಿಯುವ ಕೈಗಳಿಲ್ಲದೆ ಗದ್ದೆಗಳು ಹಾಳುಬಿದ್ದವು. ಹಾಳುಬಿದ್ದ ನೆಲವನ್ನು ಕಾಡು ಆವರಿಸಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912–1918) ಮಲೆನಾಡಿನ ಸುಧಾರಣೆಗೆಂದೇ ಯೋಜನೆಯೊಂದನ್ನು ಕೈಗೊಳ್ಳಲಾಯಿತು. ಆದರೆ ರೋಗವು ಹತೋಟಿಗೆ ಬಂದದ್ದು ಡಿ.ಡಿ.ಟಿ. ಸಿಂಪಡಣೆ ವ್ಯಾಪಕವಾದ ಮೇಲೆಯೇ.

ಜ್ವರವು ತೊಲಗುತ್ತಿದ್ದಂತೆ ನೀರು ಏರಿತು. ಶರಾವತಿಗೆ ಅಡ್ಡಲಾಗಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯು ನಾಡಿಗೆ ಬೆಳಕನ್ನು ನೀಡಿತು. ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳನ್ನು ಮುಳುಗಿಸಿತು. ತೋಟ, ಗದ್ದೆ, ದೇವಸ್ಥಾನಗಳನ್ನು ತೊರೆದು ಸಾವಿರಾರು ಕುಟುಂಬಗಳು ವಲಸೆ ಹೋದವು. ಭೂಮಿಯ ಹಕ್ಕಿಗಾಗಿ ಅವರಲ್ಲಿ ಅನೇಕರು ದಶಕಗಳ ಕಾಲ ಕಾಯಬೇಕಾಯಿತು.

ಇಂದಿನ ವಲಸೆಯು ಸದ್ದಿಲ್ಲದ್ದು. ಓದಿದ ಮಕ್ಕಳು ಉದ್ಯೋಗವನ್ನರಸಿ ಬೆಂಗಳೂರಿಗೆ ತೆರಳುತ್ತಾರೆ. ಅಡಕೆಗೆ ಕೊಳೆರೋಗದ ಜೊತೆಗೆ ಎಲೆಚುಕ್ಕೆ ರೋಗವೂ ತಗುಲಿದೆ. ಒಂಟಿಮನೆಗಳಲ್ಲಿ ವೃದ್ಧರು ಉಳಿಯುತ್ತಾರೆ. ಮಕ್ಕಳಿಲ್ಲದ ಶಾಲೆಗಳು ಮುಚ್ಚುತ್ತವೆ. ಜಪಾನಿನ ಗುಡ್ಡಗಾಡಿನ ಹಳ್ಳಿಗಳ ಸ್ಥಿತಿಯೂ ಇದೇ.

ಊರು ಬರಿದಾದರೆ ಕಾಡು ತಾನೇ ಬೆಳೆದೀತು. ಆದರೆ ಕೆರೆ, ಕಾಲುವೆ, ಸೊಪ್ಪಿನಬೆಟ್ಟಗಳನ್ನು ಕಾಪಾಡಿಕೊಂಡು ಬಂದ ತಲೆಮಾರುಗಳ ಅರಿವು ಮರಳಿ ಚಿಗುರಲಾರದು. ಶಾಲೆ, ಆಸ್ಪತ್ರೆ, ರಸ್ತೆ, ದುಡಿಮೆ ಇವು ನಾಲ್ಕೂ ಬೆಟ್ಟವನ್ನೇರಿ ಬಂದಾಗ ಮಾತ್ರ ಜನರು ಬೆಟ್ಟವನ್ನಿಳಿದು ಹೋಗುವುದು ಅನಿವಾರ್ಯವಾಗದು.