ಚಂದ್ರನನ್ನು ಸುತ್ತಿ ಭೂಮಿಗೆ: ಐದು ತಪ್ಪು ಕಲ್ಪನೆಗಳು, ಐದು ಸತ್ಯಗಳು

ಚಂದ್ರಯಾತ್ರೆ ಎಂದೊಡನೆ ಎಲ್ಲರ ಗಮನವೂ ಬೆಂಕಿಯುಗುಳುವ ರಾಕೆಟ್ಟಿನತ್ತ ಹೋಗುತ್ತದೆ. ನೌಕೆಯ ದಾರಿಯನ್ನು ಲೆಕ್ಕ ಹಾಕಿದವರ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಎಂಜಿನ್ ದುಡಿಯುವುದು ಕೆಲವೇ ನಿಮಿಷ. ಉಳಿದ ಪಯಣವನ್ನೆಲ್ಲ ನಡೆಸುವುದು ಗುರುತ್ವ ಮತ್ತು ಆ ಲೆಕ್ಕ. ಇದು ಮರೆತುಹೋದಾಗ ತಪ್ಪು ತಿಳಿವಳಿಕೆಗಳು ಬೇರೂರುತ್ತವೆ.

ತಪ್ಪು ಕಲ್ಪನೆ 1: ಚಂದ್ರನತ್ತ ನೇರ ಗುರಿಯಿಟ್ಟು, ದಾರಿಯುದ್ದಕ್ಕೂ ಎಂಜಿನ್ ಉರಿಸುತ್ತ ಹೋಗಬೇಕು.

ಸತ್ಯ: ಚಂದ್ರ ಸೆಕೆಂಡಿಗೆ ಸುಮಾರು 1 ಕಿ.ಮೀ. ವೇಗದಲ್ಲಿ ಚಲಿಸುತ್ತಿರುತ್ತಾನೆ. ನೌಕೆ ಮೂರು ದಿನ ಪಯಣಿಸುವಷ್ಟರಲ್ಲಿ ಅವನು ಎರಡೂವರೆ ಲಕ್ಷ ಕಿ.ಮೀ.ಗೂ ಹೆಚ್ಚು ಮುಂದೆ ಸರಿದಿರುತ್ತಾನೆ. ಚೆಂಡು ಬಂದು ಬೀಳುವ ಜಾಗಕ್ಕೆ ಫೀಲ್ಡರ್ ಮೊದಲೇ ಓಡುವಂತೆ, ಚಂದ್ರ ಬರಲಿರುವ ಜಾಗಕ್ಕೆ ನೌಕೆಯನ್ನು ಕಳಿಸಬೇಕು. 1969ರ ಜುಲೈನಲ್ಲಿ ಅಪೊಲೊ 11 ಭೂಕಕ್ಷೆ ಬಿಡಲು ಎಂಜಿನ್ ಉರಿಸಿದ್ದು ಆರು ನಿಮಿಷಕ್ಕೂ ಕಡಿಮೆ. ಆಮೇಲೆ ಸಣ್ಣಪುಟ್ಟ ತಿದ್ದುಪಡಿ ಬಿಟ್ಟರೆ ಅದು ಹೋದದ್ದು ತನ್ನ ಓಘದಲ್ಲೇ.

ತಪ್ಪು ಕಲ್ಪನೆ 2: ಭೂಮಿಯ ಗುರುತ್ವದಿಂದ ಪೂರ್ತಿ ಬಿಡಿಸಿಕೊಳ್ಳದೆ ಚಂದ್ರನನ್ನು ಮುಟ್ಟಲಾಗದು.

ಸತ್ಯ: ಸ್ವತಃ ಚಂದ್ರನೇ ಭೂಮಿಯ ಗುರುತ್ವಕ್ಕೆ ಕಟ್ಟುಬಿದ್ದು ಸುತ್ತುತ್ತಿದ್ದಾನೆ. ಅಪೊಲೊ ನೌಕೆಗಳು ಹೊರಟ ವೇಗ ಸೆಕೆಂಡಿಗೆ ಸುಮಾರು 10.8 ಕಿ.ಮೀ.; ಇದು ಭೂಮಿಯ ಹಿಡಿತದಿಂದ ಪೂರ್ತಿ ಬಿಡಿಸಿಕೊಳ್ಳಲು ಬೇಕಾದ ವಿಮೋಚನಾ ವೇಗಕ್ಕಿಂತ ತುಸು ಕಡಿಮೆ. ಭೂಮಿ ಹಿಂದಕ್ಕೆಳೆಯುತ್ತಲೇ ಇರುವುದರಿಂದ, ಚಂದ್ರನ ಸೆಳೆತ ಮೇಲುಗೈ ಪಡೆಯುವ ಹೊತ್ತಿಗೆ ವೇಗ ಸೆಕೆಂಡಿಗೆ 1 ಕಿ.ಮೀ. ಆಸುಪಾಸಿಗೆ ಇಳಿದಿರುತ್ತಿತ್ತು.

ತಪ್ಪು ಕಲ್ಪನೆ 3: ಅಪೊಲೊ 13 ತಾನಾಗಿಯೇ ಮರಳಿತು, ಚಂದ್ರನೇ ಅದನ್ನು ತಿರುಗಿಸಿ ಕಳಿಸಿದ.

ಸತ್ಯ: ಇದು ಅರ್ಧ ಮಾತ್ರ ನಿಜ. ಚಂದ್ರನ ಮುಂದಿನಿಂದ ಹಾದು, ಹಿಂಬದಿ ಸುತ್ತಿ, ಎಂಜಿನ್ ಉರಿಸದೆಯೇ ಭೂಮಿಗೆ ಬರುವ ದಾರಿಯೊಂದಿದೆ. ಅದಕ್ಕೆ ‘ಫ್ರೀ ರಿಟರ್ನ್’ ಎನ್ನುತ್ತಾರೆ. ಆದರೆ 1970ರ ಏಪ್ರಿಲ್‌ನಲ್ಲಿ ಆಮ್ಲಜನಕದ ಟ್ಯಾಂಕ್ ಸಿಡಿದಾಗ ಅಪೊಲೊ 13 ಆ ದಾರಿಯಲ್ಲಿ ಇರಲೇ ಇಲ್ಲ. ಚಂದ್ರನ ಮೇಲಿನ ಫ್ರಾ ಮೌರೊ ಎಂಬಲ್ಲಿ ಇಳಿಯುವುದಕ್ಕಾಗಿ ಆ ದಾರಿಯನ್ನು ತೊರೆದಾಗಿತ್ತು. ಹಾಗೇ ಬಿಟ್ಟಿದ್ದರೆ ನೌಕೆ ವಾತಾವರಣವನ್ನು ತಾಗದೆ ಭೂಮಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಮುಖ್ಯ ಎಂಜಿನ್ನನ್ನು ನಂಬುವಂತಿರಲಿಲ್ಲ. ಚಂದ್ರನ ಮೇಲೆ ಇಳಿಯಲು ಇಟ್ಟಿದ್ದ ಲ್ಯಾಂಡರ್‌ನ ಎಂಜಿನ್ನನ್ನೇ 34 ಸೆಕೆಂಡ್ ಉರಿಸಿ ಮರಳುವ ದಾರಿ ಹಿಡಿದರು. ಚಂದ್ರನನ್ನು ಬಳಸಿ ಬಂದ ಮೇಲೆ ಇನ್ನೊಮ್ಮೆ ನಾಲ್ಕು ನಿಮಿಷಕ್ಕೂ ಹೆಚ್ಚು ಉರಿಸಿದರು. ಅದರಿಂದ ಸುಮಾರು ಹತ್ತು ಗಂಟೆ ಉಳಿಯಿತು. ಇಳಿಯುವ ಜಾಗ ಹಿಂದೂ ಮಹಾಸಾಗರದಿಂದ, ರಕ್ಷಣಾ ಹಡಗುಗಳಿದ್ದ ಪೆಸಿಫಿಕ್‌ಗೆ ಬದಲಾಯಿತು. ಮೂವರ ಜೀವ ಉಳಿಸಿದ್ದರಲ್ಲಿ ಲೆಕ್ಕದ ಪಾಲು ದೊಡ್ಡದು.

ತಪ್ಪು ಕಲ್ಪನೆ 4: ವಾಪಸು ಬರುವಾಗ ಭೂಮಿಯೇ ಎಳೆದುಕೊಳ್ಳುತ್ತದೆ, ಬಂದು ಬಿದ್ದರಾಯಿತು.

ಸತ್ಯ: ನೌಕೆ ವಾತಾವರಣವನ್ನು ಹೊಗುವುದು ಸೆಕೆಂಡಿಗೆ 11 ಕಿ.ಮೀ. ವೇಗದಲ್ಲಿ. ಅಪೊಲೊಗೆ ಬೇಕಿದ್ದ ಕೋನ ಕ್ಷಿತಿಜಕ್ಕೆ ಸುಮಾರು ಆರೂವರೆ ಡಿಗ್ರಿ. ಕೋನ ಕಡಿದಾದರೆ ಒಳಗಿನವರು ತಾಳಲಾರದ ಒತ್ತಡ ಮತ್ತು ಶಾಖ. ತೀರ ಓರೆಯಾದರೆ ನೌಕೆ ಮತ್ತೆ ಬಾಹ್ಯಾಕಾಶಕ್ಕೆ ಜಾರುತ್ತದೆ.

ತಪ್ಪು ಕಲ್ಪನೆ 5: ಅಪೊಲೊ 11ಕ್ಕೆ ನಾಲ್ಕು ದಿನ, ಚಂದ್ರಯಾನ-3ಕ್ಕೆ ನಲವತ್ತು ದಿನ, ಹಾಗಾದರೆ ನಮ್ಮ ತಂತ್ರಜ್ಞಾನ ಹಿಂದಿದೆ.

ಸತ್ಯ: ಅಪೊಲೊ 11 ಅನ್ನು ಹೊತ್ತೊಯ್ದ ಸ್ಯಾಟರ್ನ್-5 ರಾಕೆಟ್ಟಿನ ತೂಕ ಸುಮಾರು 2,900 ಟನ್, ನಮ್ಮ ಎಲ್‌ವಿಎಂ-3ರದ್ದು 640. ಅದಕ್ಕೇ ನೌಕೆಯನ್ನು ಒಂದೇ ಏಟಿಗೆ ಚಂದ್ರನತ್ತ ಎಸೆಯುವ ಬದಲು, ಭೂಮಿಗೆ ಹತ್ತಿರ ಬಂದಾಗಲೆಲ್ಲ ಎಂಜಿನ್ ಉರಿಸಿ ಕಕ್ಷೆಯನ್ನು ಹಂತಹಂತವಾಗಿ ಹಿಗ್ಗಿಸಿದರು. ಇಳಿಯುವ ಜಾಗದಲ್ಲಿ ಬೆಳಗಾಗುವ ಹೊತ್ತಿಗೇ ತಲುಪಬೇಕೆಂಬ ಲೆಕ್ಕವೂ ಇತ್ತು.

ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಇಳಿದ ಮೇಲೂ, ಅದನ್ನು ಹೊತ್ತೊಯ್ದಿದ್ದ, ಚಂದ್ರನನ್ನು ಸುತ್ತುತ್ತಿದ್ದ ಪ್ರೊಪಲ್ಷನ್ ಮಾಡ್ಯೂಲ್‌ನಲ್ಲಿ 100 ಕಿಲೋಗೂ ಹೆಚ್ಚು ಇಂಧನ ಉಳಿದಿತ್ತು. ಇಸ್ರೊ ಅದನ್ನು ಮನೆಯತ್ತ ತಿರುಗಿಸಿತು. 2023ರ ಅಕ್ಟೋಬರ್ 9ರಂದು ಕಕ್ಷೆಯನ್ನು ಎತ್ತರಿಸಿ, 13ರಂದು ಭೂಮಿಯ ದಾರಿ ಹಿಡಿಸಿದರು. ನಾಲ್ಕು ಬಾರಿ ಚಂದ್ರನ ಬಳಿ ಹಾದು, ನವೆಂಬರ್ 10ರಂದು ಅದು ಅವನ ಗುರುತ್ವದ ಪ್ರಭಾವಲಯ ದಾಟಿತು. ಚಂದ್ರನಿಗೆ ಡಿಕ್ಕಿಯಾಗಬಾರದು, 36,000 ಕಿ.ಮೀ. ಎತ್ತರದ ಉಪಗ್ರಹ ಪಥದೊಳಗೂ ನುಗ್ಗಬಾರದು ಎಂಬ ಎರಡೂ ಷರತ್ತುಗಳಿಗೆ ಹೊಂದುವ ದಾರಿಯನ್ನೇ ಆರಿಸಿದ್ದರು. ಇದಕ್ಕೆ ಬೇಕಾದ ತಂತ್ರಾಂಶವನ್ನು ಮೂಲದಿಂದ ಕಟ್ಟಿದವರು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವರು. ಚಂದ್ರನ ಮಣ್ಣು ತರಲು ಹೊರಡುವ ಚಂದ್ರಯಾನ-4ಕ್ಕೆ ಈ ಲೆಕ್ಕವೇ ಬುನಾದಿ.